ಮೊಸರು ಹೆಪ್ಪುಗಟ್ಟದ ಮೂರು ವಾರ

ನಮ್ಮ ಅತ್ತೆಯ ಪಾಲಿಗೆ ಮೊಸರು ಬರೀ ತಿನ್ನುವ ಪದಾರ್ಥವಲ್ಲ, ಮನೆಯಲ್ಲಿ ದುಡಿಯುವ ಇನ್ನೊಂದು ಆಳು. ಮಾಂಸ ಮೆತ್ತಗೆ ಬೇಯಬೇಕೆಂದರೆ ಬೆಳಗ್ಗೆಯೇ ಮೊಸರಿನಲ್ಲಿ ನೆನೆಯಬೇಕು. ಕೇಕಿಗೆ ಮೊಟ್ಟೆ ಸಾಲದಿದ್ದರೆ ಒಂದು ಬಟ್ಟಲು ಮೊಸರು. ಬಾಗಿಲಿನ ಹಿತ್ತಾಳೆ ಹಿಡಿ ಕಪ್ಪಾದರೆ ಹುಳಿ ಮೊಸರಿಗೆ ಉಪ್ಪು ಹಾಕಿ ಉಜ್ಜುವುದು. ನನ್ನ ಗಂಡ ಬಿಸಿಲಿನಲ್ಲಿ ಅಲೆದು ಕೆಂಪಗಾಗಿ ಬಂದರೆ, ನಲವತ್ತು ದಾಟಿದ ಆ ಮನುಷ್ಯನನ್ನು ಸ್ಟೂಲಿನ ಮೇಲೆ ಕೂರಿಸಿ ಕತ್ತಿಗೆ ತಣ್ಣನೆ ಮೊಸರು ಬಳಿಯುತ್ತಾರೆ. ಅವರು ತುಟಿ ಪಿಟಕ್ಕೆನ್ನದೆ ಬಳಿಸಿಕೊಳ್ಳುತ್ತಾರೆ. ಅಕ್ಕಪಕ್ಕದವರು ಅತ್ತೆಯನ್ನು ಬೆನ್ನ ಹಿಂದೆ ‘ಮೊಸರಮ್ಮ’ ಎಂದು ಕರೆಯುವುದು ಅತ್ತೆಗೂ ಗೊತ್ತು. ಅದರಲ್ಲಿ ಅವರಿಗೆ ಒಳಗೊಳಗೇ ಹೆಮ್ಮೆ.

ಹೆಮ್ಮೆಗೆ ಕಾರಣವೂ ಇದೆ. ಇಪ್ಪತ್ತೆಂಟು ವರ್ಷದಿಂದ ಮುಂದಿನ ಕೋಣೆಯಲ್ಲಿ ಅವರ ಬ್ಯೂಟಿ ಪಾರ್ಲರ್ ನಡೆಯುತ್ತಿದೆ. ಎರಡು ಕುರ್ಚಿ, ಅಂಚಿನಲ್ಲಿ ರಸ ಕಿತ್ತುಹೋದ ಕನ್ನಡಿ, ಕತ್ತು ಒರಗಿಸುವಲ್ಲಿ ಟವೆಲ್ ಮಡಚಿಟ್ಟ ಬೇಸಿನ್, ಇಷ್ಟೇ. ಕೂದಲಿಗೆ ಮೊಸರು ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯುವುದು ಅಲ್ಲಿನ ಹೆಸರುವಾಸಿ ಕೆಲಸ. ಗೀಸರಿನ ನೀರಿಗೆ ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ, ಬಲಗೈ ಕಿರುಬೆರಳು ಅದ್ದಿ ನೋಡಿ, ಆಮೇಲೆ ಮಗ್ಗಿನಿಂದ ಹೊಯ್ಯುತ್ತಾರೆ. ಹಾಲಿಗೆ ಹೆಪ್ಪು ಹಾಕುವಾಗಲೂ ಅದೇ ಬೆರಳು. ಹತ್ತು ಎಣಿಸುವವರೆಗೆ ಬೆರಳು ತಾಳಬೇಕು, ಹನ್ನೊಂದಕ್ಕೆ ತೆಗೆಯೋಣ ಅನ್ನಿಸಬೇಕು. ಆಗ ಹಾಲು ಹದಕ್ಕೆ ಬಂದಿದೆ ಎಂದರ್ಥ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಇದನ್ನು ಹೇಳಿಕೊಟ್ಟಿದ್ದರು, ಆದರೆ ಹೆಪ್ಪು ಹಾಕಲು ಒಂದು ದಿನವೂ ಬಿಡಲಿಲ್ಲ.

ಅಂಥವರ ಮನೆಯಲ್ಲಿ ಮೊಸರು ಕೈಕೊಟ್ಟಿತು. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇರುತ್ತಿತ್ತು, ಇಲ್ಲವೇ ನೀರು ನೀರಾಗಿ ಅಲ್ಲಲ್ಲಿ ಒಡೆದಿರುತ್ತಿತ್ತು. ಮೊದಲ ವಾರ ಹಾಲಿನವನಿಗೆ ಬೈಗುಳ. ಎರಡನೇ ವಾರ ಹವೆಯ ಮೇಲೆ ತಪ್ಪು. ಮೂರನೇ ವಾರ ಸರದಿ ನನ್ನದು. ನಾನು ಪಾತ್ರೆಯನ್ನು ಸೋಪು ಹೋಗುವ ಹಾಗೆ ತೊಳೆಯುವುದಿಲ್ಲವಂತೆ, ಸೋಪಿಗೆ ಹೆಪ್ಪು ಸಾಯುತ್ತದಂತೆ. ಆರು ವರ್ಷದಿಂದ ಅದೇ ಪಾತ್ರೆಯನ್ನು ಅದೇ ಸೋಪಿನಲ್ಲಿ ತಿಕ್ಕುತ್ತಿರುವ ನನಗೆ ಪಿತ್ತ ನೆತ್ತಿಗೇರಿತು. ಪಾರ್ಲರಿಗೆ ಅಂಗಡಿಯ ಮೊಸರಿನ ಡಬ್ಬಿ ಬರತೊಡಗಿತು. ಅದನ್ನು ಅತ್ತೆ ಯಾರಿಗೂ ಕಾಣದ ಹಾಗೆ ಬಟ್ಟಲಿಗೆ ಸುರಿದುಕೊಳ್ಳುವುದನ್ನು ನೋಡಿ ನಾನು ಮನಸ್ಸಿನಲ್ಲೇ ನಕ್ಕಿದ್ದೂ ಉಂಟು. ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಸಂಜೆ, ತಪ್ಪು ಹಿಡಿಯಲೆಂದೇ, ಅವರು ಹೆಪ್ಪು ಹಾಕುವ ಹೊತ್ತಿಗೆ ಅಡುಗೆಮನೆಗೆ ಹೋಗಿ ನಿಂತೆ. ಹಾಲಿನಿಂದ ಇನ್ನೂ ಹಬೆ ಏಳುತ್ತಿತ್ತು. ಅವರು ಕಿರುಬೆರಳು ಅದ್ದಿದರು. ಹತ್ತಾಯಿತು, ಹದಿನೈದಾಯಿತು, ಅವರು ಹಾಯಾಗಿ ನನ್ನ ಪಾತ್ರೆ ತೊಳೆಯುವ ವಿಷಯವನ್ನೇ ಆಡುತ್ತಿದ್ದರು. ಬೆರಳು ಹೊರಗೆ ಬಂದಾಗ ಕೆಂಪಗಿತ್ತು. ನಾನೂ ನನ್ನ ಬೆರಳು ಅದ್ದಿದೆ. ಎರಡು ಎಣಿಸುವಷ್ಟರಲ್ಲಿ ಎಳೆದುಕೊಂಡೆ. ಗೆದ್ದಿದ್ದೆ, ಆದರೆ ಅವರ ಕೆಂಪು ಬೆರಳಿನಿಂದ ಕಣ್ಣು ತೆಗೆಯಲಾಗಲಿಲ್ಲ.

ಅವರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಎರಡು ತಿಂಗಳಾಯ್ತು, ಬೆರಳು ಮರಗಟ್ಟಿದ ಹಾಗಿದೆ, ಈಗೀಗ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದೋರಿಗೆ ಹೀಗಾಗತ್ತೆ ಅಂದ್ರು ಡಾಕ್ಟರು. ನಿನ್ನ ಗಂಡನಿಗೆ ಹೇಳ್ಬೇಡ. ಪಾರ್ಲರ್ ಮುಚ್ಚು ಅಂತಾನೆ.”

ಎರಡು ತಿಂಗಳು. ನನ್ನ ಮೇಲೆ ಹಾರಾಡುವಾಗಲೂ ಅವರಿಗೆ ಗೊತ್ತಿತ್ತು ಎಂದಾಯಿತು. ಕೂಗಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಪಾರ್ಲರಿನ ಬಕೆಟ್ಟು ನೆನಪಾಯಿತು. ಹಾಲು ಕೆಟ್ಟರೆ ಚೆಲ್ಲಬಹುದು, ನೀವು ನೀರು ಹೊಯ್ಯುವ ತಲೆಗಳ ಗತಿಯೇನು ಎಂದು ಕೇಳಿದೆ. ಅವರು ಹಾಲಿನ ಪಾತ್ರೆ ಪಕ್ಕಕ್ಕೆ ಸರಿಸಿದರು. ಯಾರಿಗೂ ಹೇಳುವುದಿಲ್ಲವೆಂದು ನಾನು ಮಾತು ಕೊಡಲಿಲ್ಲ. ಆ ಕೋಣೆ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ, ಅದು ನನಗೆ ಗೊತ್ತು. ಹಾಗೆಂದು ಇನ್ನೊಬ್ಬರ ನೆತ್ತಿ ಸುಡುವುದನ್ನು ನೋಡುತ್ತಾ ಕೂರಲಾಗುತ್ತದೆಯೇ?

ಮರುದಿನ ಶನಿವಾರ, ನಿವೃತ್ತ ಟೀಚರ್ ಬರುವ ದಿನ. ಇಪ್ಪತ್ತು ವರ್ಷದಿಂದ ತಪ್ಪದೆ ಬರುವ ಹೆಂಗಸು. ತೆಳ್ಳನೆ ಬಿಳಿ ಕೂದಲಿಗೆ ಅತ್ತೆ ಮೊಸರು ಹಚ್ಚಿದರು, ಅರ್ಧ ಗಂಟೆ ಹರಟಿದರು, ಬೇಸಿನ್ನಿಗೆ ಒರಗಿಸಿದರು. ಬಕೆಟ್ಟಿಗೆ ಗೀಸರಿನ ನಲ್ಲಿ ತಿರುಗಿಸಿದರು. ನಾನು ಬಾಗಿಲಲ್ಲಿ ನಿಂತೆ. ಅವರು ಮಗ್ಗು ಎತ್ತಿದರೆ ಟೀಚರ್ ಎದುರಿಗೇ ಬಾಯಿ ಬಿಡುವುದೆಂದು ಗಟ್ಟಿಮನಸ್ಸು ಮಾಡಿದ್ದೆ. ಅವರ ಮಾನ ಹೋದರೂ ಸರಿ, ನನ್ನನ್ನು ಜನ್ಮದಲ್ಲಿ ಮಾತಾಡಿಸದಿದ್ದರೂ ಸರಿ.

ಅತ್ತೆ ಬೆರಳನ್ನು ನೀರಿನ ಹತ್ತಿರ ಒಯ್ದು ನಿಲ್ಲಿಸಿದರು. ನನ್ನ ಕಡೆ ತಿರುಗಲಿಲ್ಲ.

“ಟೀಚರ್, ಇವತ್ತಿಂದ ನೀರು ನಮ್ಮ ಸೊಸೆ ನೋಡ್ತಾಳೆ. ನನ್ನ ಬೆರಳಿಗೆ ಬಿಸಿ ಗೊತ್ತಾಗ್ತಾ ಇಲ್ಲ.”

ಟೀಚರ್ ಕಣ್ಣು ಮುಚ್ಚಿಕೊಂಡೇ ಇದ್ದರು. ಮಕ್ಕಳಿಗೆ ಹೇಳುವಷ್ಟು ಮೆಲ್ಲಗೆ ಅಂದರು: “ಗೊತ್ತು. ಹೋದ ತಿಂಗಳಿಂದ ಸುಡ್ತಾ ಇದೆ. ನೀವು ನೊಂದ್ಕೋತೀರ ಅಂತ ಸುಮ್ನಿದ್ದೆ.”

ಅತ್ತೆ ಬಗ್ಗಿ ಅವರ ಕಿವಿಯ ಹಿಂದಿನ ಕೂದಲು ಸರಿಸಿ ನೋಡಿದರು. ನಾಣ್ಯದಗಲ ಕೆಂಪು ಕಲೆ ಇತ್ತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವರು ಗಿರಾಕಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಸಿದು ಕೂತು, ಮೊಸರಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಟೀಚರ್ ಒರಗಿದಲ್ಲಿಂದಲೇ ಕೈ ಚಾಚಿ ಅವರ ಮೊಣಕೈ ಹಿಡಿದುಕೊಂಡರು. ನಾನು ಬಕೆಟ್ಟಿಗೆ ತಣ್ಣೀರು ಬೆರೆಸಿ, ಬೆರಳು ಅದ್ದಿ, ಕೇಳಿಸುವ ಹಾಗೆ ಹತ್ತು ಎಣಿಸಿ, ಆ ತಲೆ ತೊಳೆದೆ.