ಹುಲ್ಲಿನ ಹಗ್ಗದಾಚೆ ನಿಂತ ಅಧಿಕಾರಿ

ಪಿಲ್‌ನ್ಯೋ ಅಜ್ಜಿಗೆ ಚಿಕ್ಕಂದಿನಿಂದಲೂ ಅಬಕಾರಿಯವರೆಂದರೆ ಎದೆನಡುಕ. ಅಂಥವಳು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತಾನೇ ಅರ್ಜಿ ಬರೆಸಿ ಅವರನ್ನು ಮನೆಗೆ ಕರೆಸಿಕೊಂಡಳು. ಗ್ರಹಚಾರ ಅಂದರೆ ಇದೇ ಇರಬೇಕು.

ಜಿಂದೋ ದ್ವೀಪದ ಕೆಂಪು ಸಾರಾಯಿಯನ್ನು ಅವಳ ತಾಯಿ ಜೀವನವಿಡೀ ಕದ್ದುಮುಚ್ಚಿ ಇಳಿಸಿದವಳು. ಅಬಕಾರಿಯವರು ಪಕ್ಕದ ಊರಿಗೆ ಬಂದರೆಂದು ತಿಳಿದರೆ ಸಾಕು, ಬಾಗಿಲಿಗೆ ಅಡ್ಡಲಾಗಿ ಇದ್ದಿಲು, ಪೈನ್ ಸೊಪ್ಪು ಸಿಕ್ಕಿಸಿದ ಹುಲ್ಲಿನ ಹಗ್ಗ ಕಟ್ಟಿ, ಹಂಡೆಯ ಪಕ್ಕ ಕಂಬಳಿ ಹೊದ್ದು ನರಳುತ್ತ ಮಲಗುತ್ತಿದ್ದಳು. ಆ ಹಗ್ಗ ಹೆರಿಗೆ ಮನೆಯ ಗುರುತು. ಇಪ್ಪತ್ತೊಂದು ದಿನ ಹೊರಗಿನವರು ಅದನ್ನು ದಾಟುವಂತಿಲ್ಲ. ಒಂದು ವರ್ಷವಂತೂ ಆ ಮಹಾತಾಯಿ ನಾಲ್ಕು ಸಲ ಹೆತ್ತಳು!

ಈಗ ಕಾನೂನು ಬದಲಾಗಿತ್ತು. ಅಮ್ಮನ ಸಾರಾಯಿಯನ್ನು ಒಮ್ಮೆಯಾದರೂ ಹಾಡಹಗಲೇ, ಬಾಗಿಲು ತೆರೆದಿಟ್ಟು ಇಳಿಸಬೇಕೆಂಬುದು ಅಜ್ಜಿಯ ಹಟ. ಅದರ ಹದ ಬಲ್ಲವರು ಮನೆಯಲ್ಲಿ ಬೇರೆ ಯಾರೂ ಇಲ್ಲ, ಅವಳ ಕಣ್ಣಿಗೋ ಪೊರೆ ಬರುತ್ತಿದೆ. ಆದರೆ ಪರವಾನಗಿ ಕೈಗೆ ಬರುವ ತನಕ ಒಂದು ಹನಿಯನ್ನೂ ಇಳಿಸುವಂತಿಲ್ಲ. ಮನೆಯೊಳಗಿನ ಮಣ್ಣಿನ ಭಟ್ಟಿ ಮೂರು ವರ್ಷದಿಂದ ಒಣಗಿ ಕೂತಿತ್ತು.

ಮೊದಲ ತಪಾಸಣೆಗೆ ಬಂದ ಅಧಿಕಾರಿ ತಾಕ್, ಚಾವಣಿ ತೊಳೆಯುವಂಥದ್ದಲ್ಲ ಎಂದ. ಚಾವಣಿ ಬದಲಾಯಿತು. ಎರಡನೆಯ ಸಲ ಬಂದು, ಭಟ್ಟಿ ಅಲ್ಲಾಡುತ್ತದೆ, ಸಿಮೆಂಟಿನಲ್ಲಿ ಕೂರಿಸಿ ಎಂದ. ಕೂರಿಸಿದರು. ಮೂರನೆಯದೇ ಕೊನೆಯದು. ಅದೂ ತಪ್ಪಿದರೆ ಎಲ್ಲ ಮೊದಲಿನಿಂದ.

ಆ ಮೂರನೆಯ ತಪಾಸಣೆಯ ದಿನವೇ ಬೆಳಗ್ಗೆ, ದಿನ ತುಂಬಲು ಇನ್ನೂ ಹತ್ತು ದಿನ ಇರುವಾಗಲೇ, ಸೊಸೆ ಬೋಕ್‌ಹಿ ಹೆಣ್ಣು ಹೆತ್ತಳು. ಅಜ್ಜಿ ಸಂಭ್ರಮದಲ್ಲಿ ಹುಲ್ಲು ಹೊಸೆದು ಬಾಗಿಲಿಗೆ ಹಗ್ಗ ಕಟ್ಟಿದಳು. ಕಟ್ಟಿ ಮುಗಿದ ಮೇಲೆ ತಪಾಸಣೆಯ ನೆನಪಾಯಿತು. ಬಿಚ್ಚೋಣವೆಂದು ಗಂಟಿಗೆ ಕೈ ಹಾಕಿದವಳು, ನಿಜವಾದ ಹಗ್ಗವನ್ನು ಬಿಚ್ಚಲು ಮನಸ್ಸಾಗದೆ ಕೈ ತೆಗೆದಳು.

ಅಷ್ಟರಲ್ಲಿ ತಾಕ್ ಬಂದೇಬಿಟ್ಟ. ಹಗ್ಗ ನೋಡಿ ನಕ್ಕ.

"ಏನಜ್ಜಿ, ಈ ವಯಸ್ಸಲ್ಲಿ ಹೆತ್ರಾ? ಈ ಆಟ ಎಲ್ಲ ನಮ್ಮಪ್ಪನ ಕಾಲದ್ದು. ಅವ್ರೂ ಇದೇ ನೌಕರೀಲಿದ್ರು, ಪಾಪ, ಎಷ್ಟು ಬಾಗಿಲಿಂದ ವಾಪಸ್ ಬಂದಿದ್ರೋ!"

ಹಗ್ಗ ಎತ್ತಿ ಒಂದು ಕಾಲು ಒಳಗಿಡಬೇಕು, ಅಷ್ಟರಲ್ಲಿ ಮಗು ಅತ್ತಿತು. ತಾಕ್ ಕೆಂಡ ಮುಟ್ಟಿದವನಂತೆ ಕೈ ಬಿಟ್ಟ.

"ಅಯ್ಯೋ, ನಿಜವಾದ ಬಾಣಂತಿ ಮನೇನಾ? ಅಜ್ಜಿ, ನಾನು ಈಗಷ್ಟೇ ಸಾವಿನ ಮನೆಯಿಂದ ಬರ್ತಿದೀನಿ. ನಮ್ಮ ಚಿಕ್ಕಪ್ಪನ್ನ ಮಣ್ಣು ಮಾಡಿ ನೆಟ್ಟಗೆ ಇಲ್ಲಿಗೇ ಬಂದೆ."

"ಭಟ್ಟೀನ ಹೊರಗೆ ತರ್ತೀನಪ್ಪ, ಇಲ್ಲೇ ಅಳತೆ ಮಾಡ್ಕೊ."

"ಸಿಮೆಂಟಲ್ಲಿ ಕೂರಿಸಿದೀರಲ್ಲ."

"ನೀನೇ ತಾನೆ ಕೂರ್ಸು ಅಂದಿದ್ದು!"

"ಹೌದು," ಎಂದು ತಾಕ್ ತಲೆ ತಗ್ಗಿಸಿದ. "ಇನ್ನೊಂದು ದಿನ ಬರೋಣ ಅಂದ್ರೆ ಗಡುವು ಇವತ್ತಿಗೇ ಮುಗಿಯುತ್ತೆ. ನೀವು ಬಾ ಅಂದ್ರೆ ಬರ್ತೀನಿ ಅಜ್ಜಿ. ನೀವೇ ಹೇಳ್ಬೇಕು."

ಒಂದೇ ಮಾತು. ಅಜ್ಜಿ ಬಾಯಿ ತೆರೆದಳು. ಅಮ್ಮ ಕಟ್ಟಿದ್ದ ಸುಳ್ಳು ಹಗ್ಗಗಳೆಲ್ಲ ಕಣ್ಣ ಮುಂದೆ ಬಂದವು. ಸಾವಿನ ಮೈಲಿಗೆ ಹೊತ್ತವನನ್ನು ಹಸುಗೂಸಿನ ಮನೆಗೆ ಹೇಗೆ ಕರೆದಾಳು? ಮಗು ಮತ್ತೆ ಅತ್ತಿತು.

"ಹೋಗಪ್ಪ," ಎಂದಳು.

ತಾಕ್ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದ, ನಿಯಮದಂತೆ ಓದಿಯೂ ಹೇಳಿದ: "ಸ್ಥಳಕ್ಕೆ ಭೇಟಿ ನೀಡಿದಾಗ ಬಾಗಿಲು ಮುಚ್ಚಿತ್ತು."

"ಬಾಗಿಲು ತೆಗ್ದೇ ಇದ್ಯಲ್ಲೋ!"

"ಹಗ್ಗ ಅಂತ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ ಅಜ್ಜಿ."

ಅವನು ಟೋಪಿ ತೆಗೆದು ಒಳಗಿನ ಕೂಸಿಗೆ ತಲೆಬಾಗಿ ಇಳಿಜಾರಿನಲ್ಲಿ ನಡೆದ. ಅಮ್ಮನ ಕಾಲದಲ್ಲಿ ಅಬಕಾರಿಯವನು ಬರಿಗೈಲಿ ಹಿಂತಿರುಗಿದರೆ ಆ ಮನೆಯಲ್ಲಿ ಹಬ್ಬ ಮಾಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಅಜ್ಜಿ ಅಂಥವನ ಬೆನ್ನು ನೋಡುತ್ತ ಅತ್ತಳು.