ಪದ್ದುವಿನ ಮಗು ತಿರುಗಿದ್ದು

ಉಪ್ಪುಂದದ ಕಡೆಯ ನರ್ಸಮ್ಮ ಗೋಮತಿ ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಸಾಕು, ಮಗುವಿನ ತಲೆ ಎಲ್ಲಿದೆಯೆಂದು ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷ ಪಳಗಿದ ಕೈ ಅದು. 2004ರಲ್ಲಿ ಮೀನು ಮಾರುವ ಪದ್ದುವಿಗೆ ಎಂಟು ತಿಂಗಳು ತುಂಬಿದಾಗ ತಲೆ ಸಿಕ್ಕಿದ್ದು ಪಕ್ಕೆಲುಬಿನ ಬುಡದಲ್ಲಿ. ಕೆಳಗಿರಬೇಕಾದ ತಲೆ ಮೇಲಾಗಿ ಮಗು ಕೂತುಬಿಟ್ಟಿತ್ತು.

ಹೊರಗಿನಿಂದಲೇ ಮೆಲ್ಲಗೆ ಒತ್ತಿ ಅಂಥ ಮಗುವನ್ನು ತಿರುಗಿಸುವುದನ್ನು ಗೋಮತಿ ತರಬೇತಿಯಲ್ಲಿ ಹಿರಿಯ ಡಾಕ್ಟರೊಬ್ಬರ ಪಕ್ಕ ನಿಂತು ಕಲಿತಿದ್ದಳು. ಅವಳ ಆರೋಗ್ಯ ಉಪಕೇಂದ್ರದಲ್ಲಿ ಅದನ್ನು ಮಾಡುವಂತಿರಲಿಲ್ಲ. ಮಗುವಿನ ಎದೆಬಡಿತ ತಪ್ಪಿದರೆ ತಕ್ಷಣ ಆಪರೇಷನ್ ಮಾಡುವವರು ಬೇಕು. ಅದು ಸರಿಯೇ. ಆದರೆ ಆಪರೇಷನ್ ಮಾಡುವವರು ಯಾರೂ ತಿರುಗಿಸಲು ಕೈ ಹಾಕುತ್ತಿರಲಿಲ್ಲ. ಅವಳ ಸಿಟ್ಟೆಲ್ಲ ಅದಕ್ಕೆ.

ಹೀಗೇ ಇದ್ದರೆ ಆಪರೇಷನ್ ಆಗಬೇಕಾದೀತೆಂದು ಕೇಳಿದಾಗ ಪದ್ದುವಿಗೆ ಆಮೇಲೆ ಬುಟ್ಟಿ ಹೊರಲಾಗುತ್ತದೋ ಇಲ್ಲವೋ ಎಂಬುದೇ ಚಿಂತೆ. "ಹೊಟ್ಟಿ ಕೊಯ್ದ್ರೆ ಮೀನ್ ಬುಟ್ಟಿ ಹೊರುಕ್ ಎಡಿತ್ತಾ ನರ್ಸಮ್ಮ?"

ಗೋಮತಿ ರಜೆ ಹಾಕಿ ಅವಳನ್ನು ಕುಂದಾಪುರಕ್ಕೆ ಬಸ್ಸಿನಲ್ಲಿ ಕರೆದೊಯ್ದಳು. ಮೊದಲ ಸಲ ಡಾಕ್ಟರ್ ಇರಲಿಲ್ಲ. ಎರಡನೇ ಸಲ ಇದ್ದವರು ಹೊಟ್ಟೆ ಮುಟ್ಟದೆಯೇ ಸಿಸೇರಿಯನ್ನಿಗೆ ದಿನ ಬರೆದುಕೊಟ್ಟರು. ಒಮ್ಮೆ ತಿರುಗಿಸಿ ನೋಡಬಾರದೇ ಎಂದು ಗೋಮತಿ ಕೇಳಿದ್ದಕ್ಕೆ, ನೀವು ಚುಚ್ಚುಮದ್ದು ಕೊಡುವ ಕೆಲಸ ನೋಡಿಕೊಂಡರೆ ಸಾಕು ಎಂದರು.

ಕುಂದಾಪುರದಾಚೆಯ ಬ್ರಹ್ಮಾವರಕ್ಕೆ ಯಾಮಿನಿ ಎಂಬ ಹೊಸ ಡಾಕ್ಟರ್ ಬಂದಿದ್ದಾರೆಂದು ತಿಳಿದು ಅಲ್ಲಿಗೂ ಹೋದರು. ಯಾಮಿನಿ ಸ್ಕ್ಯಾನ್ ಮಾಡಿ, ಆಪರೇಷನ್ನಿಗೂ ಸಿದ್ಧತೆ ಇಟ್ಟುಕೊಂಡು, ಗೋಮತಿಯನ್ನೂ ತಮ್ಮ ಜೊತೆ ಕೈಹಾಕಲು ಕರೆದರು. ಒಬ್ಬರು ಕೂತ ಮಗುವನ್ನು ಮೇಲೆತ್ತಿದರು, ಇನ್ನೊಬ್ಬರು ತಲೆಯನ್ನು ಬಾಗಿಸಿದರು. ಪದ್ದು ಹಲ್ಲು ಕಚ್ಚಿ ಮಲಗಿದ್ದಳು. ಇದ್ದಕ್ಕಿದ್ದಂತೆ ಹೊಟ್ಟೆಯೊಳಗೆ ಮಗು ಹೊರಳಿ ತಲೆ ಕೆಳಗೆ ಬಂತು.

ಐದು ದಿನ ಬಿಟ್ಟು ಗೋಮತಿ ಮನೆಗೆ ಹೋಗಿ ಮುಟ್ಟಿ ನೋಡಿದರೆ ತಲೆ ಮತ್ತೆ ಮೇಲೆ. ಮೂರನೇ ಬಸುರು, ಸಡಿಲ ಹೊಟ್ಟೆ. ಫೋನ್ ಮಾಡಿದಾಗ ಯಾಮಿನಿ ಮರುದಿನವೇ ಬರಹೇಳಿದರು. ಆದರೆ ಬೆಳಿಗ್ಗೆ ಹೊರಡುವ ಮೊದಲೇ ಪದ್ದುವಿಗೆ ಗರ್ಭದ ನೀರು ಹೋಗತೊಡಗಿತು. ಬ್ರಹ್ಮಾವರದವರೆಗೆ ಹೋಗುವಷ್ಟು ಸಮಯ ಇರಲಿಲ್ಲ. ಕುಂದಾಪುರದಲ್ಲಿ ಅದೇ ಡಾಕ್ಟರ್ ಸಿಸೇರಿಯನ್ ಮಾಡಿ ಹೆಣ್ಣುಮಗುವನ್ನು ಹೊರತೆಗೆದರು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು.

ಸುಮ್ಮನೆ ಊರೆಲ್ಲ ಅಲೆಸಿದಿರಿ, ಕಡೆಗೆ ಆದದ್ದು ಇದೇ ಅಲ್ಲವೇ ಎಂದರು ಡಾಕ್ಟರ್.

"ಅದ್ ತಿರ್ಗಿದ್ ಮಗು ಡಾಕ್ಟ್ರೇ," ಎಂದಳು ಗೋಮತಿ. "ನೀವ್ ಒಂದ್ಸಲಿ ಮುಟ್ಟಿ ಕಾಣ್ಲೇ ಇಲ್ಲ."

ಅವರು ಆಗಲೇ ಮುಂದಿನ ಹಾಸಿಗೆಯ ಹತ್ತಿರ ಹೋಗಿದ್ದರು.

ಮರುವರ್ಷ ಯಾಮಿನಿ ಮಂಗಳೂರು ಸೇರಿದರು. ಆಮೇಲೆ ಕೂತ ಮಗು ಕೈಗೆ ಸಿಕ್ಕಾಗಲೆಲ್ಲ ಗೋಮತಿ ಕುಂದಾಪುರಕ್ಕೇ ಚೀಟಿ ಬರೆಯಬೇಕಾಯಿತು. ಪ್ರತಿ ಚೀಟಿಯಲ್ಲೂ "ತಿರುಗಿಸಲು ಪ್ರಯತ್ನಿಸಬಹುದೇ" ಎಂದು ಸೇರಿಸುತ್ತಿದ್ದಳು. ನಿವೃತ್ತಿಯವರೆಗೂ ಯಾರೂ ಅದಕ್ಕೆ ಉತ್ತರ ಬರೆಯಲಿಲ್ಲ.