ಗಿರಿಜಾಂಬಾ ಮತ್ತು ಮೂರನೇ ಮಂಗಟ್ಟೆ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಷಡಕ್ಷರಿಯವರ ಬಟ್ಟೆ ಅಂಗಡಿ. ಗಲ್ಲಾದಲ್ಲಿ ಕೂರುವುದು ಅವರು, ಸೀರೆ ಆರಿಸಿ ತರುವುದು ಹೆಂಡತಿ ಗಿರಿಜಾಂಬಾ. ಬಣ್ಣದ ವಿಷಯದಲ್ಲಿ ಆಕೆಯ ಮಾತಿಗೆ ಊರಲ್ಲಿ ಎದುರಿಲ್ಲ. ಅಂಥವರು ಅರವತ್ತರ ಹೊಸ್ತಿಲಲ್ಲಿ ಮಕ್ಕಳ ಪುಸ್ತಕದ ಚಿತ್ರಗಳನ್ನು ಕೂಡಿಡಲು ಶುರು ಮಾಡಿದಾಗ ಮಾತ್ರ ಏನನ್ನಬೇಕೋ ಯಾರಿಗೂ ತಿಳಿಯಲಿಲ್ಲ.

ಮೊಮ್ಮಗಳು ಕೃತಿಕಾಗೆಂದು ಚಿಕ್ಕಮಗಳೂರಿನಲ್ಲಿ ಕೊಂಡ ಪುಸ್ತಕ ಅದು. ಕಾಡಿನ ಮಂಗಟ್ಟೆ ಹಕ್ಕಿಗಳ ಜೋಡಿಯೊಂದರ ಸಂಸಾರದ ಕಥೆ. ಚಿತ್ರ ಬರೆದವರು ರೇವತಿ. ಕೃತಿಕಾ ಪುಟ ತಿರುವಿ ಆಡಲು ಓಡಿದಳು. ಅಜ್ಜಿ ಅಲ್ಲೇ ಕೂತರು. ಕೊಕ್ಕಿನ ಹಳದಿ ಒಂದೇ ಹಳದಿಯಲ್ಲ, ಬುಡಕ್ಕೆ ಅರಿಶಿನ, ತುದಿಗೆ ಹಣ್ಣಾದ ಕಿತ್ತಳೆ ಎಂದು ಗಂಡನನ್ನು ಕರೆದು ತೋರಿಸಿದರು.

ರೇವತಿ ಆ ಪುಸ್ತಕದ ಹತ್ತೂ ಚಿತ್ರಗಳನ್ನು ಮರದ ಹಲಗೆಯಲ್ಲಿ ಕೆತ್ತಿ, ದೊಡ್ಡ ಕಾಗದದ ಮೇಲೆ ಕೈಯಿಂದಲೇ ಅಚ್ಚು ಹಾಕುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ವರ್ಷಕ್ಕೆ ಎರಡು ಚಿತ್ರ, ಒಂದೊಂದಕ್ಕೂ ಮೂವತ್ತೇ ಪ್ರತಿ. ಕೆಳಗೆ ಪೆನ್ಸಿಲಿನಲ್ಲಿ ಪ್ರತಿಯ ಸಂಖ್ಯೆ, ಸಹಿ. ಮೂವತ್ತಾದ ಮೇಲೆ ಹಲಗೆಗೆ ಅಡ್ಡಗೀಟು ಕೊರೆದುಬಿಡುತ್ತಾರೆ. ಮತ್ತೆ ಬೇಕೆಂದರೂ ಸಿಗದು.

ಮೊದಲೆರಡು ಚಿತ್ರ ಗಿರಿಜಾಂಬಾ ಕೈಗೆ ಬಂದವು. ಮೂರನೆಯದು ಬಂದಾಗ ಷಡಕ್ಷರಿಯವರಿಗೆ ಹೃದಯದ ಆಪರೇಷನ್. ಮಂಗಳೂರಿನ ಆಸ್ಪತ್ರೆಯಿಂದ ಗಂಡನನ್ನು ಮನೆಗೆ ಕರೆತರುವಷ್ಟರಲ್ಲಿ ಮೂವತ್ತೂ ಖಾಲಿ. ನಾಲ್ಕನೆಯದರಿಂದ ಒಂದನ್ನೂ ಬಿಡಲಿಲ್ಲ. ನಡುವಿನ ಆ ಒಂದು ಮಾತ್ರ ಹಲ್ಲು ಬಿದ್ದ ಜಾಗದಂತೆ ಕಾಡುತ್ತಿತ್ತು.

ಕೊನೆಗೆ ರೇವತಿಯನ್ನೇ ಕೇಳಿದರು. ತಮ್ಮಲ್ಲೂ ಒಂದೂ ಉಳಿದಿಲ್ಲ, ಹತ್ತಿರದವರಲ್ಲಿ ಕಳಸದ ಕಡೆಯ ಪ್ಲಾಂಟರ್ ನಾಗೇಶ ಗೌಡರು ಒಂದನ್ನು ಒಯ್ದಿದ್ದರು ಎಂದರು ರೇವತಿ. ಗಿರಿಜಾಂಬಾ ಬಸ್ಸಿನಲ್ಲಿ ಕಳಸಕ್ಕೆ ಹೋಗಿ, ಅಲ್ಲಿಂದ ಜೀಪ್ ಹತ್ತಿ ಎಸ್ಟೇಟ್ ಸೇರಿದರು. ಚಿತ್ರ ಊಟದ ಕೋಣೆಯಲ್ಲಿತ್ತು. ಗೋಡೆಯ ಬಣ್ಣಕ್ಕೆ ಒಪ್ಪುತ್ತದೆಂದು ಕೊಂಡದ್ದಂತೆ. ಪುಸ್ತಕವನ್ನು ಗೌಡರು ಕಂಡೇ ಇರಲಿಲ್ಲ. ಕಾಫಿ ಕೊಟ್ಟು ಉಪಚರಿಸಿದರು, ಚಿತ್ರ ಮಾತ್ರ ಕೊಡುವುದಿಲ್ಲವೆಂದರು. ಮರುವರ್ಷ ಹೋದಾಗಲೂ ಅದೇ ಕಾಫಿ, ಅದೇ ಉತ್ತರ.

ಹತ್ತನೆಯ ಚಿತ್ರ ಬಂದ ಮೇಲೆ ಗಿರಿಜಾಂಬಾ ಅಂಗಡಿಯ ಮಹಡಿಗೆ ಸುಣ್ಣ ಹೊಡೆಸಿ, ಎಲ್ಲವನ್ನೂ ಸಾಲಾಗಿ ತೂಗುಹಾಕಿ, ಊರಿನ ಮಕ್ಕಳನ್ನು ಕರೆದರು. ಒಂಬತ್ತನ್ನೇ ಒತ್ತಾಗಿ ಹಾಕಿದರೆ ಕೊರತೆ ಕಾಣುವುದಿಲ್ಲ ಎಂದು ಷಡಕ್ಷರಿ ಸೂಚಿಸಿದರು. ಆಕೆ ಒಪ್ಪದೆ ಮೂರನೆಯ ಜಾಗದಲ್ಲಿ ಖಾಲಿ ಚೌಕಟ್ಟು ತೂಗಿಸಿದರು. ಗೌಡರಿಗೂ ಫೋನ್ ಮಾಡಿ ಕರೆದರು.

ಗೌಡರು ಬಂದರು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಖಾಲಿ ಚೌಕಟ್ಟಿನ ಮುಂದೆ ನಿಂತಿದ್ದಳು. ಎರಡನೇ ಚಿತ್ರದಲ್ಲಿ ಎರಡು ಹಕ್ಕಿ, ನಾಲ್ಕನೆಯದರಲ್ಲಿ ಒಂದೇ. ಹೆಣ್ಣು ಹಕ್ಕಿ ಎಲ್ಲಿ ಹೋಯಿತು ಎಂದು ಪಕ್ಕದಲ್ಲಿದ್ದ ಗೌಡರನ್ನೇ ಕೇಳಿದಳು.

"ಸತ್ತಿಲ್ಲ ಮರೀ," ಎಂದರು ಗೌಡರು. "ಮರದ ಪೊಟರೆ ಒಳಗೆ ಬಾಗಿಲು ಮುಚ್ಕೊಂಡು ಮೊಟ್ಟೆಗೆ ಕಾವು ಕೊಡ್ತಾ ಇದೆ. ಆ ಚಿತ್ರ ನಮ್ಮನೇಲಿದೆ, ನಾನು ದಿನಾ ನೋಡ್ತೀನಿ."

"ಮತ್ತೆ ನಮಗ್ಯಾಕೆ ಕಾಣಲ್ಲ?"

ಗೌಡರು ಉಳಿದ ಚಿತ್ರಗಳನ್ನು, ಹಣ್ಣು ಕಚ್ಚಿಕೊಂಡು ಹಾರುವ ಗಂಡಿನಿಂದ ಹಿಡಿದು ಮರಿ ಹೊರಬರುವವರೆಗೆ, ಒಂದೊಂದಾಗಿ ನೋಡಿ, ಯಾರಿಗೂ ಹೇಳದೆ ಇಳಿದು ಹೋದರು.

ಮರುದಿನ ಬೆಳಿಗ್ಗೆ ಅವರ ಜೀಪು ಅಂಗಡಿ ಮುಂದೆ ನಿಂತಿತು. ಕಂಬಳಿಯಲ್ಲಿ ಸುತ್ತಿದ ಚಿತ್ರವನ್ನು ಗೌಡರು ತಾವೇ ಮಹಡಿಗೆ ಹೊತ್ತು ತಂದರು.

"ಗಿರಿಜಮ್ಮೋರೇ, ಇದ್ರ ಹಿಂದೆ ಮುಂದೆ ಇಷ್ಟು ಕಥೆ ಇದೆ ಅಂತ ನಂಗೆ ಗೊತ್ತಿರ್ಲಿಲ್ಲ. ಇಟ್ಕೊಳ್ಳಿ."

"ಸುಮ್ನೆ ಇಸ್ಕೊಳ್ಳೋಕೆ ಆಗಲ್ಲ ಗೌಡ್ರೇ," ಎಂದ ಗಿರಿಜಾಂಬಾ, ತಮ್ಮ ಬಳಿಯಿದ್ದ ರೇವತಿಯ ಇನ್ನೊಂದು ಅಚ್ಚುಚಿತ್ರವನ್ನು, ಗದ್ದೆ ಬದುವಿನ ಮೇಲೆ ಓಡುವ ಕರಿನಾಯಿಯದನ್ನು, ಗೋಡೆಯಿಂದ ಇಳಿಸಿ ಅವರ ಕೈಗಿಟ್ಟರು. ತಮಗೂ ಪ್ರಿಯವಾದ ಚಿತ್ರವೇ ಅದು. ಗೌಡರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಕ್ಕು, ಅದೇ ಕಂಬಳಿಯಲ್ಲಿ ಸುತ್ತಿಕೊಂಡರು.

ಸುದ್ದಿ ತಿಳಿದು ರೇವತಿಯೇ ಮೂಡಿಗೆರೆಗೆ ಬಂದರು. ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು, ಹತ್ತನ್ನೂ ಒಟ್ಟಿಗೆ ತಾವೂ ಇವತ್ತೇ ನೋಡುತ್ತಿರುವುದು, ಬೇರೆ ಯಾರ ಬಳಿಯೂ ಪೂರ್ತಿ ಇಲ್ಲ ಎಂದರು. ಷಡಕ್ಷರಿ ಆ ಮಾತನ್ನು ಅಂಗಡಿಗೆ ಬಂದವರಿಗೆಲ್ಲ ವಾರಗಟ್ಟಲೆ ಹೇಳಿದರು. ಗಿರಿಜಾಂಬಾ ಹೇಳಲು ಹೋಗಲಿಲ್ಲ. ಅವರು ರೇವತಿ ಬಂದ ದಿನದ ಸಂಜೆಯೇ ಮಕ್ಕಳನ್ನು ಚಾಪೆ ಮೇಲೆ ಕೂರಿಸಿ, ಕೋಲು ಹಿಡಿದು, ಮೊದಲ ಚಿತ್ರದಿಂದ ಹತ್ತನೆಯದರವರೆಗೆ ಎಲ್ಲೂ ನಿಲ್ಲಿಸದೆ ಕಥೆ ಹೇಳಿದರು. ಮುಗಿದಾಗ ಮಕ್ಕಳು ಇನ್ನೊಮ್ಮೆ ಎಂದರು; ಇನ್ನೊಮ್ಮೆ ಹೇಳಿದರು.

ರೇವತಿ ಈಗ ನೀರುನಾಯಿಗಳ ಕಥೆಗೆ ಹಲಗೆ ಕೆತ್ತುತ್ತಿದ್ದಾರೆ. ಅದರ ಒಂದನೇ ಪ್ರತಿ ಮೂಡಿಗೆರೆಗೆ ಎಂದು ಈಗಾಗಲೇ ತೀರ್ಮಾನವಾಗಿದೆ.